ಬಾನಿನಲ್ಲಿ ಮಡಿದವರ ಲೆಕ್ಕ

2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21 ವಿಮಾನಗಳಿಗೆ ಬೀಳ್ಕೊಡುಗೆ ನಡೆಯಿತು. 1963ರಲ್ಲಿ ನಮ್ಮ ವಾಯುಪಡೆಯನ್ನು ಸೇರಿದ್ದ ಆ ಯಂತ್ರ ಅರವತ್ತೆರಡು ವರ್ಷ ಸೇವೆ ಸಲ್ಲಿಸಿ ನಿವೃತ್ತವಾಯಿತು. ಅದಕ್ಕೆ ಜನ ಇಟ್ಟಿದ್ದ ಇನ್ನೊಂದು ಹೆಸರು ‘ಹಾರುವ ಶವಪೆಟ್ಟಿಗೆ’. ಹಳೆಯದು ತೊಲಗಿತು, ಇನ್ನು ನಮ್ಮ ತರುಣರು ಬದುಕಿಯಾರು ಎಂದು ಸಮಾಧಾನಪಟ್ಟವರು ಅನೇಕರು. ಆದರೆ ಎರಡು ತಿಂಗಳು ತುಂಬುವ ಮೊದಲೇ, ನವೆಂಬರ್ 21ರಂದು, ದುಬೈ ನಗರದ ವೈಮಾನಿಕ ಪ್ರದರ್ಶನದಲ್ಲಿ ತೇಜಸ್ ವಿಮಾನವೊಂದು ನೆಲಕ್ಕೆ ಅಪ್ಪಳಿಸಿ ಉರಿದುಹೋಯಿತು. ವಿಂಗ್ ಕಮಾಂಡರ್ ನಮನ್ಶ್ ಸ್ಯಾಲ್ ಮಡಿದರು. ತೇಜಸ್ ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ವಿಮಾನ. ನಮ್ಮವರೇ ರೂಪಿಸಿದ, ನಮ್ಮ ಕಾಲದ ವಿಮಾನ. ಅದನ್ನು ಯಾರೂ ಶವಪೆಟ್ಟಿಗೆಯೆಂದು ಕರೆದವರಲ್ಲ.

ಈ ಎರಡು ಸುದ್ದಿಗಳನ್ನು ಒಟ್ಟಿಗಿಟ್ಟು ಯೋಚಿಸಿದಾಗ ಒಂದು ಮಾತು ಸ್ಪಷ್ಟವಾಗುತ್ತದೆ. ಯಂತ್ರದ ವಯಸ್ಸೊಂದನ್ನೇ ದೂರಿದರೆ ವೈಮಾನಿಕರ ಸಾವಿನ ಕಾರಣ ಸಿಕ್ಕುವುದಿಲ್ಲ. ಹಾಗಾದರೆ ಅವರು ಏಕೆ ಸಾಯುತ್ತಾರೆ? ಈ ಪ್ರಶ್ನೆ ನಿನ್ನೆ ಮೊನ್ನೆಯದಲ್ಲ. ಮನುಷ್ಯ ಆಕಾಶದಲ್ಲಿ ಯುದ್ಧ ಮಾಡಲು ಕಲಿತ ದಿನದಿಂದಲೂ ಇದೆ. ಉತ್ತರದ ಬಹುಭಾಗವೂ ಆ ಮೊದಲ ದಿನಗಳಲ್ಲಿಯೇ ದೊರಕಿತ್ತು. ದೊರಕಿದುದನ್ನು ನಾವು ಎಷ್ಟರಮಟ್ಟಿಗೆ ಉಳಿಸಿಕೊಂಡೆವು ಎಂಬುದೇ ಇಲ್ಲಿ ನಾನು ವಿಚಾರಿಸಬೇಕೆಂದಿರುವ ವಿಷಯ.

ಹಳಿಯಾಳ ತಾಲೂಕಿನ ಸಾಂಬ್ರಾಣಿಯಂಥ ಹಳ್ಳಿಯಲ್ಲಿ ಕುಳಿತು ಆಕಾಶಯುದ್ಧದ ಮಾತನ್ನೆತ್ತುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಭತ್ತ, ಕಬ್ಬು, ಗೋವಿನಜೋಳಗಳ ನೆಲ ಇದು. ಪಶ್ಚಿಮಕ್ಕೆ ದಾಂಡೇಲಿಯ ಕಾಡು. ಆದರೆ ನಮ್ಮ ತಲೆಯ ಮೇಲಿನ ಆಕಾಶ ನಾವು ತಿಳಿದಷ್ಟು ನಿರ್ಜನವಲ್ಲ. ಉತ್ತರಕ್ಕೆ ಬೆಳಗಾವಿಯ ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಕೇಂದ್ರವಿದೆ. ನಮ್ಮೂರಿಗೂ ಅದಕ್ಕೂ ಹೆಸರಿನಲ್ಲಿ ಒಂದಕ್ಷರದ ಅಂತರ. ಪಶ್ಚಿಮಕ್ಕೆ ಗೋವೆಯ ದಾಬೋಲಿಯಲ್ಲಿ ನೌಕಾಪಡೆಯ ವಿಮಾನಗಳಿವೆ. ನೈಋತ್ಯಕ್ಕೆ ನಮ್ಮದೇ ಜಿಲ್ಲೆಯ ಕಾರವಾರದಲ್ಲಿ ವಿಮಾನವಾಹಕ ಹಡಗು ತಂಗುವ ಕದಂಬ ನೌಕಾನೆಲೆಯಿದೆ. 2020ರ ನವೆಂಬರ್ 26ರಂದು ವಿಕ್ರಮಾದಿತ್ಯ ಹಡಗಿನಿಂದ ಹೊರಟ ಮಿಗ್-29ಕೆ ತರಬೇತಿ ವಿಮಾನ ಅರಬ್ಬೀ ಸಮುದ್ರದಲ್ಲಿ ಬಿತ್ತು. ಜೊತೆಯಲ್ಲಿದ್ದವರು ಬದುಕಿದರು, ಶಿಕ್ಷಕರಾಗಿದ್ದ ಕಮಾಂಡರ್ ನಿಶಾಂತ್ ಸಿಂಗ್ ಅವರ ದೇಹ ದೊರೆತದ್ದು ಹನ್ನೊಂದು ದಿನಗಳ ಮೇಲೆ. 2023ರ ಜನವರಿ 28ರಂದು ಮಧ್ಯಪ್ರದೇಶದ ಮೊರೆನಾ ಬಳಿ ಒಂದು ಮಿರಾಜ್-2000, ಒಂದು ಸುಖೋಯ್-30 ತರಬೇತಿಯ ಹಾರಾಟದಲ್ಲಿ ನಾಶವಾದವು. ಸುಖೋಯ್‌ನ ಇಬ್ಬರು ಹೊರಚಿಮ್ಮಿ ಉಳಿದರು; ಮಿರಾಜ್ ನಡೆಸುತ್ತಿದ್ದ ವಿಂಗ್ ಕಮಾಂಡರ್ ಹನುಮಂತರಾವ್ ಸಾರಥಿ ಉಳಿಯಲಿಲ್ಲ. ಅವರು ಬೆಳಗಾವಿಯವರು. ಅವರ ಪಾರ್ಥಿವ ಶರೀರ ಬಂದಿಳಿದದ್ದು ಅದೇ ಸಾಂಬ್ರಾದ ನೆಲದಲ್ಲಿ. ಆದುದರಿಂದ ಇದು ದೂರದವರ ದುಃಖವಲ್ಲ.

ಮೊದಲ ದಿನಗಳು

1903ರ ಡಿಸೆಂಬರಿನಲ್ಲಿ ರೈಟ್ ಸೋದರರು ಹಾರಿದರು. ಎಂಟು ವರ್ಷ ಕಳೆಯುವುದರೊಳಗೆ, 1911ರ ನವೆಂಬರ್ 1ರಂದು, ಇಟಲಿಯ ಗವೋತ್ತಿ ಎಂಬ ಸೇನಾಧಿಕಾರಿ ಲಿಬಿಯದಲ್ಲಿ ವಿಮಾನದಿಂದ ಬಾಂಬನ್ನು ಕೈಯಿಂದಲೇ ಎಸೆದ. 1914ರ ಅಕ್ಟೋಬರ್ 5ರಂದು ಫ್ರಾನ್ಸಿನ ಒಂದು ವಿಮಾನ ಜರ್ಮನಿಯ ಇನ್ನೊಂದನ್ನು ಬಂದೂಕಿನಿಂದ ಹೊಡೆದುರುಳಿಸಿತು. ಮರದ ಚೌಕಟ್ಟಿಗೆ ಬಟ್ಟೆ ಹೊದಿಸಿ, ತಂತಿ ಬಿಗಿದು ಮಾಡಿದ ಯಂತ್ರಗಳು ಅವು. ಗುಂಡು ತಗುಲಿದರೆ ತೂತು. ಎಣ್ಣೆಯ ತೊಟ್ಟಿಗೆ ತಗುಲಿದರೆ ಬೆಂಕಿ. 1915ರ ಬೇಸಗೆಯಲ್ಲಿ ಜರ್ಮನರ ಫೋಕರ್ ವಿಮಾನ ತಿರುಗುವ ಪಂಖದ ಎಲೆಗಳ ನಡುವಿನಿಂದಲೇ ಗುಂಡು ಹಾರಿಸುವ ಉಪಾಯವನ್ನು ತಂದಮೇಲೆ, ವಿಮಾನವೇ ಒಂದು ಬಂದೂಕಾಯಿತು.

ಆ ಕಾಲದ ವೀರರು ಹೇಗೆ ಸತ್ತರೆಂಬುದನ್ನು ನೋಡಿದರೆ ನಮ್ಮ ಕಲ್ಪನೆ ತಿದ್ದಿಕೊಳ್ಳಬೇಕಾಗುತ್ತದೆ. ಆಕಾಶಯುದ್ಧದ ನಿಯಮಗಳನ್ನು ಮೊತ್ತಮೊದಲು ಬರೆದಿಟ್ಟ ಜರ್ಮನಿಯ ಓಸ್ವಾಲ್ಡ್ ಬೋಲ್ಕೆ 1916ರ ಅಕ್ಟೋಬರ್ 28ರಂದು ಮಡಿದದ್ದು ಶತ್ರುವಿನ ಗುಂಡಿನಿಂದಲ್ಲ. ತನ್ನದೇ ಪಡೆಯ ಗೆಳೆಯನ ವಿಮಾನ ತಾಗಿ. ಅದೇ ವರ್ಷ ಜೂನಿನಲ್ಲಿ ಸತ್ತ ಮ್ಯಾಕ್ಸ್ ಇಮ್ಮೆಲ್‌ಮನ್‌ನನ್ನು ತಾವೇ ಹೊಡೆದೆವೆಂದು ಬ್ರಿಟಿಷರು ಹೇಳಿದರು. ಅವನ ಬಂದೂಕು ತಪ್ಪಿ ಅವನ ಪಂಖವನ್ನೇ ಕತ್ತರಿಸಿತೆಂದು ಜರ್ಮನರು ಹೇಳಿದರು. ಐವತ್ತೇಳು ವಿಮಾನಗಳನ್ನು ಗೆದ್ದ ಬ್ರಿಟನ್ನಿನ ಮೆಕಡನ್ 1918ರ ಜುಲೈ 9ರಂದು ನೆಲ ಬಿಟ್ಟು ಏಳುತ್ತಿರುವಾಗಲೇ ಬಿದ್ದು ಸತ್ತ. ಯುದ್ಧಕ್ಕೆ ಹೋದವರು ಯುದ್ಧದಲ್ಲಿಯೇ ಸತ್ತರೆಂದು ತಿಳಿಯುವುದು ಸಹಜ. ವಿಮಾನದ ವಿಷಯದಲ್ಲಿ ಅದು ಅರ್ಧ ಸತ್ಯ ಮಾತ್ರ.

1917ರ ಏಪ್ರಿಲ್ ತಿಂಗಳನ್ನು ಬ್ರಿಟಿಷರು ಇಂದಿಗೂ ‘ರಕ್ತದ ಏಪ್ರಿಲ್’ ಎಂದು ನೆನೆಯುತ್ತಾರೆ. ಫ್ರಾನ್ಸಿನ ಅರಾಸ್ ಎಂಬಲ್ಲಿ ನಡೆದ ಕಾಳಗದ ಆ ಒಂದೇ ತಿಂಗಳಿನಲ್ಲಿ ಅವರು ಕಳೆದುಕೊಂಡ ವಿಮಾನಗಳು ಸುಮಾರು 245. ಸತ್ತವರು ಮತ್ತು ಕಾಣೆಯಾದವರು ಇನ್ನೂರಕ್ಕೆ ಮಿಕ್ಕಿದರು. ನೂರಕ್ಕೂ ಹೆಚ್ಚು ಜನ ಸೆರೆಯಾದರು. ಜರ್ಮನರು ಕಳೆದುಕೊಂಡ ವಿಮಾನಗಳು ಇದರ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ.

ಈ ಅನಾಹುತಕ್ಕೆ ಮೂರು ಕಾರಣಗಳನ್ನು ಗುರುತಿಸಬಹುದು. ಒಂದು, ಯಂತ್ರ: ಎದುರಾಳಿಯ ಆಲ್ಬಟ್ರಾಸ್ ವಿಮಾನಕ್ಕೆ ಎರಡು ಯಂತ್ರದ ಬಂದೂಕು, ಹೆಚ್ಚಿನ ವೇಗ, ಇವರದೋ ಬಹುಪಾಲು ಹಿಂದಿನ ಕಾಲದ ನಿಧಾನ ವಿಮಾನಗಳು. ಎರಡು, ನೀತಿ: ಕೆಳಗೆ ಕಾಲಾಳುಗಳು ಮುನ್ನುಗ್ಗುವಾಗ ಮೇಲಿನಿಂದ ಚಿತ್ರ ತೆಗೆಯಲೇಬೇಕು, ಎಷ್ಟೇ ಸಾವಾದರೂ ಶತ್ರುವಿನ ನೆಲದ ಮೇಲೆ ಹಾರಲೇಬೇಕು ಎಂಬ ಸೇನಾಪತಿ ಟ್ರೆಂಚರ್ಡನ ಪಟ್ಟು. ಮೂರು, ಶಿಕ್ಷಣ: ಬಿದ್ದವರ ಜಾಗ ತುಂಬಲು ಬಂದವರು ಹಾರಾಟದ ಕೆಲವೇ ಗಂಟೆಗಳ ಅನುಭವವುಳ್ಳ ಹದಿಹರೆಯದವರು. ಅವರು ಸತ್ತಾಗ ಇನ್ನೂ ಕಡಿಮೆ ಕಲಿತವರು ಬಂದರು. ಸಾವೇ ಸಾವನ್ನು ಹೆರುತ್ತಿತ್ತು.

ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಯುದ್ಧಭೂಮಿಯ ಮೇಲೆ ಬಲೂನಿನಲ್ಲಿ ತೂಗುತ್ತ ಶತ್ರುವನ್ನು ನೋಡುತ್ತಿದ್ದವರಿಗೆ ಆಗಲೇ ಪ್ಯಾರಾಶೂಟು ಇತ್ತು. ಬ್ರಿಟಿಷ್ ವಿಮಾನದ ಚಾಲಕನಿಗೆ ಯುದ್ಧ ಮುಗಿಯುವವರೆಗೂ ಅದನ್ನು ಕೊಡಲಿಲ್ಲ. ಅದು ಭಾರ, ಇಕ್ಕಟ್ಟಾದ ಪೀಠದಲ್ಲಿ ಹಿಡಿಸದು ಎಂಬುದು ಕಾರಣ. ಜರ್ಮನರು 1918ರಲ್ಲಿ ಕೊಟ್ಟರು. ಅವರ ವಿಮಾನವೇನೂ ಅದರಿಂದ ನೆಲಕಚ್ಚಲಿಲ್ಲ. ಉರಿಯುವ ವಿಮಾನದಲ್ಲಿ ಕುಳಿತವನಿಗೆ ಬೇಕಾದದ್ದು ಭೂಮಿಯ ಮೇಲೆ ಇತ್ತು, ಅವನ ಬಳಿಗೆ ಮಾತ್ರ ಬರಲಿಲ್ಲ.

ನಮ್ಮವರು

ಆ ಯುದ್ಧದಲ್ಲಿ ಹಾರಿದ ಭಾರತೀಯರು ಬೆರಳೆಣಿಕೆಯವರು. ಹರದಿತ್ ಸಿಂಗ್ ಮಲಿಕ್ ಗಾಯಗೊಂಡರೂ ಬದುಕಿ ಬಂದು, ಮುಂದೆ ಸ್ವತಂತ್ರ ಭಾರತದ ರಾಯಭಾರಿಯಾಗಿ ಫ್ರಾನ್ಸಿಗೇ ಹೋದರು. ಎರೋಲ್ ಚಂದರ್ ಸೇನ್ ಜರ್ಮನರ ಸೆರೆಯಾಗಿ ಉಳಿದರು. ಉಳಿದಿಬ್ಬರು ಹಿಂದಿರುಗಲಿಲ್ಲ. ಮುಂಬಯಿಯ ಶ್ರೀಕೃಷ್ಣ ವೇಲಿಂಕರ್ 1918ರ ಜೂನ್ ಕೊನೆಯಲ್ಲಿ ಫ್ರಾನ್ಸಿನಲ್ಲಿ ಮಡಿದರು. ಆಗ ನಮ್ಮ ಉತ್ತರ ಕನ್ನಡವೂ ಮುಂಬಯಿ ಪ್ರಾಂತಕ್ಕೇ ಸೇರಿತ್ತು. ಆಡಳಿತದ ಲೆಕ್ಕದಲ್ಲಿ ಅವರು ನಮ್ಮವರೇ.

ಕಲ್ಕತ್ತೆಯ ಇಂದ್ರಲಾಲ್ ರಾಯ್ ಕಥೆ ಹೆಚ್ಚು ಪ್ರಸಿದ್ಧ. 1917ರ ಕೊನೆಯಲ್ಲಿ ವಿಮಾನ ಕೆಡೆದು ಪ್ರಜ್ಞೆ ತಪ್ಪಿದ ಅವನನ್ನು ಸತ್ತನೆಂದು ಭಾವಿಸಿ ಶವಗಳ ನಡುವೆ ಇರಿಸಿದ್ದರೆಂದೂ, ಎಚ್ಚತ್ತು ಬಾಗಿಲು ಬಡಿದನೆಂದೂ ಹೇಳುತ್ತಾರೆ. ಮರಳಿ ತರಬೇತಿ ಪಡೆದು, 1918ರ ಜುಲೈ 6ರಿಂದ 19ರವರೆಗೆ ಹತ್ತು ಜಯಗಳನ್ನು ಗಳಿಸಿದ, 22ರಂದು ಮಡಿದ. ವಯಸ್ಸು ಹತ್ತೊಂಬತ್ತು. ಎರಡು ವಾರಗಳ ಕೀರ್ತಿಯನ್ನು ನಾವು ಹೇಳುತ್ತೇವೆ. ಆದರೆ ಆ ಎರಡು ವಾರಗಳನ್ನು ಸಾಧ್ಯವಾಗಿಸಿದ್ದು ನಡುವಿನ ಮರುತರಬೇತಿಯೆಂಬುದು ಮರೆಯಬಾರದ ಮಾತು.

ಕನ್ನಡ ನಾಡಿನ ಹೆಸರನ್ನು ಹೇಳುವುದಾದರೆ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರದು ಮೊದಲು ಬರುತ್ತದೆ. ಕೊಡಗಿನವರು. 1965ರ ಸೆಪ್ಟೆಂಬರ್ 7ರ ಬೆಳಗಿನ ಜಾವ ಪಾಕಿಸ್ತಾನದ ಸರಗೋಧಾ ವಿಮಾನನೆಲೆಯ ಮೇಲೆ ದಾಳಿಗೆ ಹೊರಟ ಮಿಸ್ಟೇರ್ ವಿಮಾನಗಳಲ್ಲಿ ಅವರದು ಮೀಸಲು ಸ್ಥಾನ. ಮುಂದಿನವರೊಬ್ಬರು ತಪ್ಪಿದ್ದರಿಂದ ಇವರು ಸೇರಿಕೊಂಡರು. ಹಿಂದಿರುಗುವಾಗ ಎದುರಾದದ್ದು ಎಫ್-104 ಸ್ಟಾರ್‌ಫೈಟರ್: ಶಬ್ದದ ಎರಡರಷ್ಟು ವೇಗದ ಯಂತ್ರ. ಮಿಸ್ಟೇರ್ ಶಬ್ದದ ವೇಗವನ್ನು ನೇರ ಹಾರಾಟದಲ್ಲಿ ಮುಟ್ಟಲಾರದು. ದೇವಯ್ಯ ತಿರುಗಿ ನಿಂತು ಆ ಸ್ಟಾರ್‌ಫೈಟರನ್ನು ಕೆಡವಿದರು, ತಾವು ಮರಳಲಿಲ್ಲ. ಅವರ ಸಂಗಡಿಗರಿಗೆ ತಿಳಿದಿದ್ದುದು ಒಂದೇ: ಅವರು ಕಾಣೆಯಾಗಿದ್ದಾರೆ. ನಡೆದುದು ಬೆಳಕಿಗೆ ಬಂದದ್ದು 1979ರಲ್ಲಿ, ಪಾಕಿಸ್ತಾನದ ವಾಯುಯುದ್ಧದ ಬಗ್ಗೆ ಜಾನ್ ಫ್ರಿಕರ್ ಎಂಬ ಆಂಗ್ಲ ಲೇಖಕ ಬರೆದ ಪುಸ್ತಕದಿಂದ. ಮರಣೋತ್ತರ ಮಹಾವೀರ ಚಕ್ರ ಬಂದದ್ದು 1988ರಲ್ಲಿ, ಇಪ್ಪತ್ತಮೂರು ವರ್ಷಗಳ ಬಳಿಕ. 2025ರ ಜನವರಿಯಲ್ಲಿ ತೆರೆಕಂಡ ‘ಸ್ಕೈ ಫೋರ್ಸ್’ ಹಿಂದೀ ಚಲಚ್ಚಿತ್ರ ಈ ಕಥೆಯನ್ನೇ ಆಧರಿಸಿತು. ನಾಯಕನ ಹೆಸರು ಮಾತ್ರ ಬೇರೆಯಾಗಿತ್ತು.

ದೇವಯ್ಯನವರ ಶೌರ್ಯವನ್ನು ಎಷ್ಟು ಹೊಗಳಿದರೂ ಸಾಲದು. ಆದರೆ ಆ ಹೊಗಳಿಕೆಯ ನೆರಳಿನಲ್ಲಿ ಒಂದು ಪ್ರಶ್ನೆ ಅಡಗಿದೆ. ನಿಧಾನದ ಯಂತ್ರವನ್ನು ವೇಗದ ಯಂತ್ರದೆದುರು ಕಳಿಸಿದ ಕೊರತೆಯನ್ನು ಒಬ್ಬ ಮನುಷ್ಯ ತನ್ನ ಪ್ರಾಣದಿಂದ ತುಂಬಿಕೊಟ್ಟ. ಶೌರ್ಯವನ್ನು ಕೊಂಡಾಡುವ ನಾಡು ಕೊರತೆಯ ಲೆಕ್ಕವನ್ನೂ ಕೇಳಬೇಕು.

ಕಲಿತ ಪಾಠ, ಮರೆತ ಪಾಠ

1917ರಲ್ಲಿಯೇ ಬ್ರಿಟನ್ನಿನಲ್ಲಿ ರಾಬರ್ಟ್ ಸ್ಮಿತ್-ಬ್ಯಾರಿ ಎಂಬ ಅಧಿಕಾರಿ ಹಟ ಹಿಡಿದು ಗಾಸ್‌ಪೋರ್ಟ್ ಎಂಬ ಊರಿನಲ್ಲಿ ಹೊಸ ಬಗೆಯ ಶಾಲೆಯನ್ನು ಕಟ್ಟಿದ. ಅವನ ವಿಚಾರ ಸರಳವಾದದ್ದು. ಗುರು ಶಿಷ್ಯರಿಬ್ಬರೂ ಒಂದೇ ವಿಮಾನದಲ್ಲಿ ಕುಳಿತಿರಬೇಕು. ಇಬ್ಬರ ಕೈಗೂ ಚಾಲನೆಯ ಹಿಡಿ ಇರಬೇಕು. ನಡುವೆ ಒಂದು ರಬ್ಬರಿನ ಕೊಳವೆ, ಮಾತು ಕೇಳುವುದಕ್ಕೆ. ಶಿಷ್ಯನನ್ನು ಅಪಾಯದಿಂದ ದೂರವಿಡದೆ, ಗುರು ಬಳಿಯಲ್ಲಿರುವಾಗಲೇ ಬೇಕೆಂದು ಅಪಾಯಕ್ಕೆ ಒಯ್ಯಬೇಕು: ವಿಮಾನ ಗಿರಕಿ ಹೊಡೆದು ಬೀಳತೊಡಗಿದಾಗ ಹೇಗೆ ಬಿಡಿಸಿಕೊಳ್ಳುವುದು ಎಂಬುದನ್ನು ತೋರಿಸಬೇಕು. ಅದುವರೆಗೆ ಗಿರಕಿಯೆಂದರೆ ವಿಧಿಯೆಂದು ಕಣ್ಮುಚ್ಚುತ್ತಿದ್ದವರು ಅದರ ಕಾರಣವನ್ನೂ ಪರಿಹಾರವನ್ನೂ ತಿಳಿದರು. ಜಗತ್ತಿನ ಹಾರಾಟದ ಶಾಲೆಗಳು ಇಂದಿಗೂ ಆ ದಾರಿಯಲ್ಲಿಯೇ ನಡೆಯುತ್ತವೆ. ಶಿಕ್ಷಕರಾದವರು ಈ ಪ್ರಸಂಗವನ್ನು ವಿಶೇಷವಾಗಿ ಗಮನಿಸಬೇಕೆಂದು ನನ್ನ ಬಿನ್ನಹ. ಒಳ್ಳೆಯ ಪಾಠದಿಂದ ಅಂಕ ಹೆಚ್ಚುತ್ತದೆಂದು ನಾವು ಹೇಳುತ್ತೇವೆ. ಅಲ್ಲಿ ಪ್ರಾಣವೇ ಉಳಿಯಿತು.

ಈಗ ನಮ್ಮಲ್ಲಿಗೆ ಬನ್ನಿ. ಮಿಗ್-21 ಬಲು ವೇಗದ, ಇಳಿಸುವುದಕ್ಕೆ ಕಷ್ಟದ ಯಂತ್ರ. ಬೆಂಗಳೂರಿನ ಕಾರ್ಖಾನೆಯಲ್ಲಿ ಮಾಡಿದ ಕಿರಣ್ ಎಂಬ ಸೌಮ್ಯ ತರಬೇತಿ ವಿಮಾನದಲ್ಲಿ ಕಲಿತ ತರುಣ, ಮುಂದಿನ ಮೆಟ್ಟಿಲಾಗಿ ಆ ಮಿಗ್ಗನ್ನೇ ಏರಬೇಕಾಗಿತ್ತು. ನಡುವೆ ಒಂದು ಮೆಟ್ಟಿಲು ಬೇಕು, ಉನ್ನತ ತರಬೇತಿಯ ಜೆಟ್ ವಿಮಾನ ಬೇಕು ಎಂದು ಲಾ ಫೊಂಟೇನ್ ಸಮಿತಿ ಹೇಳಿದ್ದು 1982ರಲ್ಲಿ. ಅದನ್ನು ಕೊಳ್ಳುವ ಒಪ್ಪಂದಕ್ಕೆ ಸಹಿಯಾದದ್ದು 2004ರಲ್ಲಿ. ನಮ್ಮ ಬೀದರಿನ ನೆಲೆಯಲ್ಲಿ ಹಾಕ್ ವಿಮಾನಗಳು ವಿಧ್ಯುಕ್ತವಾಗಿ ಸೇರ್ಪಡೆಯಾದದ್ದು 2008ರ ಫೆಬ್ರುವರಿಯಲ್ಲಿ. ಅಗತ್ಯವನ್ನು ಅರಿತದ್ದಕ್ಕೂ ಪೂರೈಸಿದ್ದಕ್ಕೂ ನಡುವೆ ಇಪ್ಪತ್ತಾರು ವರ್ಷ. ಗಾಸ್‌ಪೋರ್ಟಿನಲ್ಲಿ 1917ರಲ್ಲಿ ಕಲಿತ ಪಾಠಕ್ಕೆ ನಾವು ಕಾದ ಕಾಲ ಇದು.

2012ರಲ್ಲಿ ರಕ್ಷಣಾ ಮಂತ್ರಿಗಳು ಸಂಸತ್ತಿಗೆ ಒಂದು ಲೆಕ್ಕ ಕೊಟ್ಟರು. ಕೊಂಡ ಮಿಗ್ ಜಾತಿಯ ವಿಮಾನಗಳು 872, ಅಪಘಾತಕ್ಕೀಡಾದವು 482. ಮಡಿದ ವೈಮಾನಿಕರು 171. ನೆಲದ ಮೇಲಿದ್ದ ನಾಗರಿಕರು 39. ಇತರ ಸೇವೆಯವರು 8. ಇವರೆಲ್ಲ ನಡುಮೆಟ್ಟಿಲಿಲ್ಲದ್ದರಿಂದಲೇ ಸತ್ತರೆಂದು ಹೇಳಲಾಗದು. ಹಕ್ಕಿಯ ಬಡಿತ, ಯಂತ್ರದ ದೋಷ, ಬಿಡಿಭಾಗಗಳ ಅಭಾವ, ಹವೆಯ ವೈಪರೀತ್ಯ, ಎಲ್ಲವೂ ಸೇರಿವೆ. ಆದರೆ ಆ ಇಪ್ಪತ್ತಾರು ವರ್ಷಗಳ ವಿಳಂಬಕ್ಕೆ ಬೆಲೆಯೇ ಇರಲಿಲ್ಲವೆಂದು ಯಾವ ಪ್ರಾಮಾಣಿಕನೂ ಹೇಳಲಾರ.

ಹೊಸ ಯಂತ್ರದ ಕಥೆಯೂ ಇದೇ ಜಾಡಿನದು. ಮಿಗ್-21ರ ಜಾಗಕ್ಕೆಂದು ತೇಜಸ್‌ನ ಯೋಜನೆ ಆರಂಭವಾದದ್ದು 1983ರಲ್ಲಿ. ಮೊದಲ ಹಾರಾಟ 2001ರಲ್ಲಿ. ಮೊದಲ ಸ್ಕ್ವಾಡ್ರನ್ ರೂಪುಗೊಂಡದ್ದು 2016ರಲ್ಲಿ. ಹೊಸದು ತಡವಾದಷ್ಟೂ ಹಳೆಯದು ಹಾರುತ್ತಲೇ ಇರಬೇಕಾಯಿತು. 1979ರಲ್ಲಿ ಬಂದ ಜಾಗ್ವಾರ್ ವಿಮಾನಗಳನ್ನು ಜಗತ್ತಿನಲ್ಲಿ ಕೊನೆಗೆ ಉಳಿಸಿಕೊಂಡವರು ನಾವೇ. 2025ರಲ್ಲಿ ಮಾರ್ಚ್, ಏಪ್ರಿಲ್, ಜುಲೈ ತಿಂಗಳುಗಳಲ್ಲಿ ಮೂರು ಜಾಗ್ವಾರ್‌ಗಳು ಬಿದ್ದವು. ಏಪ್ರಿಲಿನಲ್ಲಿ ಜಾಮನಗರದ ಬಳಿ ಒಬ್ಬರು, ಜುಲೈಯಲ್ಲಿ ಚುರು ಜಿಲ್ಲೆಯಲ್ಲಿ ಇಬ್ಬರು ಮಡಿದರು. 42 ಸ್ಕ್ವಾಡ್ರನ್ ಇರಬೇಕಾದಲ್ಲಿ ಮಿಗ್-21 ತೆರಳಿದಾಗ ಉಳಿದದ್ದು 29. ಯಂತ್ರ ಕಡಿಮೆಯಾದಾಗ ಇರುವ ಯಂತ್ರದ ಮೇಲೂ ಇರುವ ಮನುಷ್ಯನ ಮೇಲೂ ಭಾರ ಹೆಚ್ಚುತ್ತದೆ. 1917ರ ಮೂರು ಕಾರಣಗಳು ವೇಷ ಬದಲಿಸಿಕೊಂಡು ಬಂದಿಲ್ಲವೇ ಎಂದು ಓದುಗರೇ ವಿಚಾರಿಸಬೇಕು.

ಎಷ್ಟು ಮತ್ತು ಏಕೆ

ನಮ್ಮೂರಿನ ಒಬ್ಬ ತಾಯಿ ಈಚೆಗೆ ನನ್ನನ್ನು ಕೇಳಿದಳು. ಅವಳ ಮಗಳು ವಿಜ್ಞಾನ ಓದುತ್ತಿದ್ದಾಳೆ. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪರೀಕ್ಷೆ ಬರೆದು ವಾಯುಪಡೆ ಸೇರಬೇಕೆಂಬ ಹಂಬಲ. ಹೆಣ್ಣುಮಕ್ಕಳಿಗೆ ಆ ಅಕಾಡೆಮಿಯ ಬಾಗಿಲು 2022ರಲ್ಲಿ ತೆರೆಯಿತು; ಯುದ್ಧವಿಮಾನದ ಪೀಠ 2016ರಲ್ಲಿಯೇ ದೊರಕಿತ್ತು. “ಮಾಸ್ತರ್ರ, ಕಳಸ್ಲೇನ್ರಿ ಬ್ಯಾಡ್ರಿ? ಆ ಕೆಲಸದಾಗ ಮಂದಿ ಉಳೀತಾರೇನ್ರಿ?” ಎಂದಳು. ಬಹುಪಾಲು ಜನ ಉಳಿಯುತ್ತಾರೆ ಎಂದೆ. “ಉಳೀದವ್ರು ಯಾಕ ಉಳೀಲಿಲ್ಲಂತ ಅವರ ಅವ್ವಗ ಯಾರರ ಹೇಳ್ತಾರೇನ್ರಿ?” ಎಂದು ಮತ್ತೆ ಕೇಳಿದಳು.

ಆ ಎರಡನೆಯ ಪ್ರಶ್ನೆ ಇಡೀ ವಿಷಯದ ಮರ್ಮವನ್ನು ಮುಟ್ಟಿತೆಂದು ನನ್ನ ಭಾವನೆ. 2025ರ ಮೇ 31ರಂದು ಸಿಂಗಾಪುರದಲ್ಲಿ, ಆ ತಿಂಗಳಿನ ಕಾಳಗದಲ್ಲಿ ನಾವು ಯುದ್ಧವಿಮಾನಗಳನ್ನು ಕಳೆದುಕೊಂಡದ್ದನ್ನು ರಕ್ಷಣಾ ಪಡೆಗಳ ಮುಖ್ಯಸ್ಥ ಜನರಲ್ ಅನಿಲ್ ಚೌಹಾನ್ ಒಪ್ಪಿಕೊಂಡರು. ಸಂಖ್ಯೆಯನ್ನು ಹೇಳಲಿಲ್ಲ, ಏಕೆ ಕಳೆದುಕೊಂಡೆವು, ಏನು ತಿದ್ದಿಕೊಂಡೆವು ಎಂಬುದೇ ಮುಖ್ಯವೆಂದು ಅವರ ಮಾತಿನ ತಾತ್ಪರ್ಯ. ಯುದ್ಧದ ನಡುವೆ ಗುಟ್ಟು ಅಗತ್ಯ, ಅದರಲ್ಲಿ ವಿವಾದವಿಲ್ಲ. ಅವರು ಹೇಳಿದ ತತ್ತ್ವವೂ ಸರಿಯಾದದ್ದೇ. ಆದರೆ ‘ಏಕೆ’ ಎಂಬುದು ಮುಖ್ಯವಾದರೆ, ಯುದ್ಧವಿಲ್ಲದ ದಿನ, ನಮ್ಮದೇ ಆಕಾಶದಲ್ಲಿ, ತರಬೇತಿಯ ಹಾರಾಟದಲ್ಲಿ ಬಿದ್ದ ವಿಮಾನದ ವಿಷಯದಲ್ಲಿ ಅದನ್ನು ನಾಡಿಗೆ ತಿಳಿಸುವುದಕ್ಕೆ ಅಡ್ಡಿಯೇನು?

ಇಂದಿನ ಪದ್ಧತಿ ಹೀಗಿದೆ. ಅಪಘಾತವಾದ ದಿನವೇ ವಿಚಾರಣಾ ನ್ಯಾಯಾಲಯವನ್ನು ನೇಮಿಸಿದೆಯೆಂಬ ಪ್ರಕಟಣೆ ಬರುತ್ತದೆ. ವರದಿ ಸಾಮಾನ್ಯವಾಗಿ ಹೊರಬರುವುದಿಲ್ಲ. ಪ್ರಯಾಣಿಕರ ವಿಮಾನ ಬಿದ್ದರೆ ತನಿಖೆಯ ವರದಿ ಅಚ್ಚಾಗುತ್ತದೆ, ಯಾರೂ ಓದಬಹುದು. ಬ್ರಿಟನ್ ಮತ್ತು ಅಮೆರಿಕಗಳು ತಮ್ಮ ಸೇನಾವಿಮಾನಗಳ ಅಪಘಾತದ ವರದಿಗಳನ್ನೂ, ಗುಟ್ಟಿನ ಭಾಗ ತೆಗೆದು, ಪ್ರಕಟಿಸುತ್ತವೆ. ಅದರಿಂದ ಅವರ ಸೇನೆ ದುರ್ಬಲವಾದದ್ದು ಕಾಣೆ. ನಮ್ಮ ಸಂಸತ್ತಿನ ಸ್ಥಾಯೀ ಸಮಿತಿ 2017ರಿಂದ 2022ರವರೆಗೆ ವಾಯುಪಡೆಯಲ್ಲಿ 34 ಅಪಘಾತಗಳಾದುವೆಂದೂ, ಮನುಷ್ಯದೋಷವೇ ಅದರಲ್ಲಿ ದೊಡ್ಡ ಕಾರಣವೆಂದೂ ತಿಳಿಸಿತು. ‘ಮನುಷ್ಯದೋಷ’ ಎಂಬುದು ಎಚ್ಚರದಿಂದ ಓದಬೇಕಾದ ಮಾತು. ಅಲ್ಬಟ್ರಾಸಿನ ಎದುರು ಬಿದ್ದ ಹುಡುಗನದೂ ಮನುಷ್ಯದೋಷವೇ. ಅವನನ್ನು ಅರೆಕಲಿಕೆಯಲ್ಲಿ ಕಳಿಸಿದವರದು ಯಾವ ದೋಷ? ಸತ್ತವನು ಉತ್ತರ ಕೊಡಲಾರ. ಅವನ ಪರವಾಗಿ ಮಾತನಾಡಬಲ್ಲದ್ದು ಪೂರ್ತಿ ವರದಿಯೊಂದೇ.

ವಾಯುಪಡೆಯವರು ಕೈಕಟ್ಟಿ ಕುಳಿತಿದ್ದಾರೆಂದು ನನ್ನ ಆಕ್ಷೇಪವಲ್ಲ. ಬೆಂಗಳೂರಿನ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ ದೇಹ ಎಷ್ಟು ಒತ್ತಡವನ್ನು ತಾಳಬಲ್ಲದೆಂಬ ಪರೀಕ್ಷೆ ನಡೆಯುತ್ತದೆ. ನೆಲದ ಮೇಲೆ ನಿಂತ ವಿಮಾನದಿಂದಲೂ ಚಾಲಕನನ್ನು ಚಿಮ್ಮಿಸಿ ಕಾಪಾಡುವ ಪೀಠಗಳು ಬಂದಿವೆ. ಹಾಕ್ ಬಂದಮೇಲೆ ಕಲಿಕೆಯ ಮೆಟ್ಟಿಲುಗಳು ಸರಿಹೋಗಿವೆ. ಆದರೂ 2019ರ ಫೆಬ್ರುವರಿ 1ರಂದು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಲ್ಲಿ ಪರೀಕ್ಷಾ ಹಾರಾಟದ ಮಿರಾಜ್ ಬಿದ್ದು ಸ್ಕ್ವಾಡ್ರನ್ ಲೀಡರುಗಳಾದ ಸಮೀರ್ ಅಬ್ರೋಲ್, ಸಿದ್ಧಾರ್ಥ ನೇಗಿ ಮಡಿದರು. ಅದೇ ತಿಂಗಳು 19ರಂದು ಯಲಹಂಕದಲ್ಲಿ ಸೂರ್ಯಕಿರಣ ತಂಡದ ಎರಡು ಹಾಕ್ ವಿಮಾನಗಳು ತಾಗಿ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ತೀರಿಕೊಂಡರು. ಬೋಲ್ಕೆಯ ಸಾವು ನೂರು ವರ್ಷದ ಮೇಲೆ ನಮ್ಮ ಯಲಹಂಕದಲ್ಲಿ ಮರುಕಳಿಸಿತು. ಅಪಾಯ ಪೂರ್ತಿ ಅಳಿಯುವಂಥದಲ್ಲ, ಅಳಿಸಬಹುದಾದಷ್ಟನ್ನಾದರೂ ಅಳಿಸಬೇಕಲ್ಲವೇ?

ಆದುದರಿಂದ ನಾವು ಕೇಳಬೇಕಾದುದು ಹೆಚ್ಚೇನೂ ಅಲ್ಲ. ಒಂದು, ತರಬೇತಿಗೆ ಬೇಕಾದ ಯಂತ್ರವನ್ನು ಯುದ್ಧದ ಯಂತ್ರದಷ್ಟೇ ಅವಸರದಿಂದ ಒದಗಿಸುವುದು. ಎರಡು, ಶಾಂತಿಕಾಲದ ಪ್ರತಿ ಅಪಘಾತದ ಕಾರಣವನ್ನೂ ಪರಿಹಾರವನ್ನೂ, ಗುಟ್ಟನ್ನು ಕಾಪಾಡಿಕೊಂಡೇ, ಸಂಗ್ರಹವಾಗಿ ಪ್ರಕಟಿಸುವುದು. ಮೂರು, ದೇವಯ್ಯನವರ ಕಥೆಯನ್ನು ಪರದೇಶದ ಪುಸ್ತಕದಿಂದ ಕಲಿಯುವ ಗತಿ ಇನ್ನೊಬ್ಬ ವೈಮಾನಿಕನಿಗೆ ಬಾರದಂತೆ ದಾಖಲೆಗಳನ್ನು ಸಕಾಲದಲ್ಲಿ ತೆರೆಯುವುದು. ಮೊದಲನೆಯದಕ್ಕೆ ಹಣ ಬೇಕು. ಉಳಿದೆರಡಕ್ಕೆ ಮನಸ್ಸು ಸಾಕು.

ಆ ತಾಯಿಗೆ ಮಗಳನ್ನು ತಡೆಯಬೇಡವೆಂದೇ ನಾನು ಹೇಳಿದ್ದೇನೆ. ಹಾರುವ ಆಸೆ ತಪ್ಪಲ್ಲ. ಅದರ ಅಪಾಯ ತಿಳಿದು ಹಾರುವವರು ನಾಡಿಗೆ ಬೇಕು. ಆದರೆ ಮಕ್ಕಳನ್ನು ಕಳಿಸಿಕೊಟ್ಟವರಿಗೆ ಮೂರು ಸುತ್ತು ಗುಂಡಿನ ಗೌರವದ ಜೊತೆಗೆ ಒಂದು ನಿಜವಾದ ಉತ್ತರವೂ ಸಲ್ಲಬೇಕು. ಆ ಉತ್ತರ ಸಿಕ್ಕಿದಾಗ ಮಾತ್ರ ಒಬ್ಬರ ಸಾವು ಮುಂದಿನವರ ಪಾಠವಾಗುತ್ತದೆ.